ಕಮರುನ್ನಿಸಾ ಕೈ ಇಟ್ಟರೆ

ರೋಣದ ಗಾದಿ ಗೌಸುಸಾಬನಿಗೆ ಎರಡು ವಿದ್ಯೆಗಳಿದ್ದವು. ಒಂದು, ಅರಳೆ ಹಿಂಜಿ ಗಾದಿ ಹೊಲಿಯುವುದು. ಅದು ಅವನಿಗೆ ಬರುತ್ತಿತ್ತು. ಇನ್ನೊಂದು, ಕರೆಂಟಿನ ಸಾಮಾನು ರಿಪೇರಿ ಮಾಡುವುದು. ಅದು ಬರುತ್ತದೆ ಎಂದು ಅವನು ನಂಬಿದ್ದ.

ಮೊದಲನೆಯ ವಿದ್ಯೆಗೆ ರೋಣದಿಂದ ನರಗುಂದದವರೆಗೆ ಅವನ ಗಾದಿಯ ಮೇಲೆ ಮಲಗಿ ಎದ್ದವರೆಲ್ಲ ಸಾಕ್ಷಿ. ಎರಡನೆಯದಕ್ಕೆ ಸಾಕ್ಷಿ ಒಂದು ಔಷಧದ ಶೀಶೆ. ಹನ್ನೊಂದು ವರ್ಷದ ಹಿಂದೆ ಮನೆಯ ಟೇಪ್ ರಿಕಾರ್ಡರು ನಿಂತಾಗ ಅವನು "ಎರಡ ನಿಮಿಷದ ಕೆಲಸ" ಎಂದು ಬಿಚ್ಚಿ ಕೂತಿದ್ದ. ಎರಡು ದಿನ ಬಿಟ್ಟು ಜೋಡಿಸಿ ಮುಗಿಸಿದಾಗ ಏಳು ಸ್ಕ್ರೂ ಉಳಿದವು. ಟೇಪ್ ರಿಕಾರ್ಡರು ಮತ್ತೆ ಮಾತಾಡಲಿಲ್ಲ. ಹೆಂಡತಿ ಕಮರುನ್ನಿಸಾ ಕೂಡ ಆ ಬಗ್ಗೆ ಮಾತಾಡಲಿಲ್ಲ. ಏಳೂ ಸ್ಕ್ರೂಗಳನ್ನು ಆರಿಸಿ ಖಾಲಿ ಔಷಧದ ಶೀಶೆಗೆ ಹಾಕಿ, ಮುಚ್ಚಳ ತಿರುವಿ, ಕಪಾಟಿನ ಮೇಲೆ ಇಟ್ಟಳು. ಬೈದಿದ್ದರೆ ವಾರದಲ್ಲಿ ಮುಗಿದುಹೋಗುತ್ತಿತ್ತು. ಶೀಶೆ ಮಾತ್ರ ಹನ್ನೊಂದು ವರ್ಷದಿಂದ ಅಲ್ಲೇ ಕೂತು ಅವನನ್ನು ನೋಡುತ್ತಿತ್ತು.

ಹೋದ ವರ್ಷ ಅಸೂಟಿಯಲ್ಲಿ ಕಮರುನ್ನಿಸಾಳ ತಾಯಿ ತೀರಿಕೊಂಡಳು. ವರ್ಷದ ಫಾತೇಹಾ ಮುಗಿಸಿ, ಮುದುಕಿಯ ಟ್ರಂಕು ತೆರೆದರೆ ಮೂರು ಸೀರೆ, ಒಂದು ಅಡಕೊತ್ತು, ಮತ್ತು ತಲೆವಸ್ತ್ರದಲ್ಲಿ ಸುತ್ತಿಟ್ಟ ಒಂದು ಕ್ಯಾಸೆಟ್ ಸಿಕ್ಕಿದವು. ಕ್ಯಾಸೆಟ್ಟಿನ ಮೇಲೆ "ಮದರಸಾಬನ ಪದ, ಬೆಳವಣಕಿ" ಎಂದು ಯಾರೋ ಬರೆದಿದ್ದರು. ಮದರಸಾಬ ಅಂದರೆ ಕಮರುನ್ನಿಸಾಳ ಅಪ್ಪ. ಮೊಹರಮ್ಮಿನಲ್ಲಿ ಕರ್ಬಲಾದ ಕಥೆಯ ರಿವಾಯತ್ ಪದ ಹಾಡಲು ನಿಂತರೆ ಹೆಜ್ಜೆಮೇಳದವರು ಹೆಜ್ಜೆ ಮರೆಯುತ್ತಿದ್ದರಂತೆ. ಅವನು ಸತ್ತಾಗ ಕಮರುನ್ನಿಸಾಳಿಗೆ ಹತ್ತು ವರ್ಷ, ತಮ್ಮ ಮೆಹಬೂಬಸುಭಾನಿಗೆ ಇನ್ನೂ ಎರಡು ತುಂಬಿರಲಿಲ್ಲ.

ಈಗ ಸುಭಾನಿ ಅಸೂಟಿಯಲ್ಲಿ ಉಳ್ಳಾಗಡ್ಡಿ ವ್ಯಾಪಾರಿ. ಎಲ್ಲವನ್ನೂ ಮುಟ್ಟಿ, ಮೂಸಿ, ಹಿಚುಕಿ ನೋಡಿಯೇ ನಂಬುವ ಮನುಷ್ಯ. ಕ್ಯಾಸೆಟ್ಟನ್ನು ಅಂಗೈಯಲ್ಲಿಟ್ಟು ತೂಗಿ ನೋಡಿದ.

"ಇದನ್ನ ಹುಬ್ಬಳ್ಳಿಗೆ ಒಯ್ತೀನಿ," ಅಂದ. "ಅಲ್ಲೊಬ್ಬ ಸ್ಟುಡಿಯೋದವ ಅದಾನ, ಈಗಷ್ಟ ಫೋನ್ ಮಾಡಿ ಕೇಳೀನಿ. ನಲವತ್ತ ವರ್ಷದ ರೀಲು, ಒಮ್ಮಿ ತಿರಗೀತು, ಎರಡನೇ ಸಲಕ ಹರದ್ರ ಹೋತು, ಅಂದ. ಆ ಒಮ್ಮಿ ತಿರಗೂದರಾಗ ಮೊಬೈಲಿಗೆ ಇಳಿಸಿಕೊಡತಾನ. ನಿನಗೂ ಕಳಸ್ತೀನಿ ಅಕ್ಕಾ, ವಾಟ್ಸಾಪಿಗೆ."

ಕಮರುನ್ನಿಸಾ ಮೂವತ್ತು ವರ್ಷದ ಸಂಸಾರದಲ್ಲಿ ಬಾಯಿ ಬಿಟ್ಟು ಕೇಳಿದ ವಸ್ತುಗಳನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದು. ಅವತ್ತು ಕೇಳಿದಳು.

"ಅಪ್ಪ ಮೊದಲ ಸಲ ಬಾಯಿ ಬಿಡೂವಾಗ ನಾ ಎದುರಿಗಿರಬೇಕು. ನನ್ನ ಮನ್ಯಾಗ."

"ನಿಮ್ಮನ್ಯಾಗ ಟೇಪ್ ಎಲ್ಲೈತಿ ಅಕ್ಕಾ?"

ಕೂತಿದ್ದ ಬಳಗವೆಲ್ಲ ಗೌಸುಸಾಬನ ಕಡೆ ತಿರುಗಿತು. ಏಳು ಸ್ಕ್ರೂಗಳ ಸುದ್ದಿ ಅಸೂಟಿಗೆ ಎಂದೋ ಮುಟ್ಟಿತ್ತು. ಇಂಥ ಹೊತ್ತಿನಲ್ಲಿ ತಿಳಿವಳಿಕೆ ಇದ್ದವನು ಚಹಾ ಕುಡಿಯುತ್ತಾನೆ. ಗೌಸುಸಾಬ ಕಪ್ಪು ಕೆಳಗಿಟ್ಟ.

"ಮಷೀನ್ ನಾ ಮಾಡತೀನಿ," ಅಂದ. "ಟೇಪು, ಆಂಪ್ಲಿಫೈಯರು, ಸ್ಪೀಕರು, ಎಲ್ಲಾ ನಂದ. ನಿಮ್ಮಪ್ಪ ಎದುರಿಗೆ ಕುಂತು ಹಾಡಿದಂಗ ಕೇಳಬೇಕು. ಒಂದು ಗುಂಯ್ ಅಂದ್ರೂ ನನ್ನ ಹೆಸರು ಗೌಸುಸಾಬ ಅಲ್ಲ."

"ಹೆಸರು ಏನರ ಇಟಗೋರಿ ಮಾಮಾ," ಅಂದ ಸುಭಾನಿ. "ಒಂದು ತಿಂಗಳು ಬಿಟ್ಟು ಶುಕ್ರವಾರ ಬರ್ತೀನಿ. ಮೊದಲ ಖಾಲಿ ಕ್ಯಾಸೆಟ್ ಹಾಕಿ ನೋಡತೀನಿ. ಗುಂಯ್ ಅಂತೋ, ಅಪ್ಪನ ಕ್ಯಾಸೆಟ್ ಕಿಸೆ ಬಿಟ್ಟು ಹೊರಗ ಬರೂದಿಲ್ಲ. ಸೀದಾ ಹುಬ್ಬಳ್ಳಿ."

ಹೀಗೆ ಷರತ್ತು ಆಯಿತು.

ಗಜೇಂದ್ರಗಡದ ಗುಜರಿಯಲ್ಲಿ ಗೌಸುಸಾಬನಿಗೆ ಯಾವುದೋ ಜೀಪಿನಿಂದ ಕಿತ್ತ ಟೇಪು ಮತ್ತು ಎರಡು ಸ್ಪೀಕರು ಸಿಕ್ಕವು. "ಇದರ ಹೊಟ್ಟಿ ಚಲೋ ಐತಿ, ಗಂಟಲ ಹೋಗೇತಿ," ಎಂದು ಗುಜರಿಯವನು ಪ್ರಾಮಾಣಿಕವಾಗಿ ಹೇಳಿದ. ರೀಲು ತಿರುಗುತ್ತದೆ, ದನಿ ದೊಡ್ಡದಾಗುವುದಿಲ್ಲ ಎಂದು ಅದರ ಅರ್ಥ. ದನಿ ದೊಡ್ಡದು ಮಾಡುವ ಪೆಟ್ಟಿಗೆಗೇ ಆಂಪ್ಲಿಫೈಯರು ಅನ್ನುವುದು. ಅದನ್ನೇ ತಾನೇ ಮಾಡಹೊರಟಿರುವುದು ಎಂದು ಗೌಸುಸಾಬ ಗುಜರಿಯವನಿಗೆ ಅರ್ಧ ಗಂಟೆ ತಿಳಿಹೇಳಿದ. ಮೊಬೈಲಿನಲ್ಲಿ ಗಡ್ಡದವನೊಬ್ಬ ಹಿಂದಿಯಲ್ಲಿ ಹೇಳಿಕೊಡುತ್ತಿದ್ದ. ಅವನು ತೋರಿಸಿದ ಬೋರ್ಡನ್ನು, ಟ್ರಾನ್ಸ್‌ಫಾರ್ಮರನ್ನು ತರಿಸಿಕೊಂಡು, ಒಂದು ದೊಡ್ಡ ತಗಡಿನ ಬಿಸ್ಕೀಟ್ ಡಬ್ಬಿಯಲ್ಲಿ ಕೂಡಿಸಲು ಹದಿನೈದು ದಿನ ಹಿಡಿದವು. ಅದರಲ್ಲಿ ಐದು ದಿನ ಬಣ್ಣಕ್ಕೆ ಹೋದವು. ಬಾಗಿಲಿಗೆ ಹಚ್ಚಿ ಉಳಿದ ಹಸಿರು ಆಯಿಲ್ ಪೇಂಟನ್ನು ಡಬ್ಬಿಯ ಹೊರಗೆ ಎರಡು ಸಲ, ಒಳಗೆ ಎರಡು ಸಲ ಹಚ್ಚಿದ.

"ಒಳಗ ಯಾರ ನೋಡತಾರ್ರಿ?" ಅಂದಳು ಕಮರುನ್ನಿಸಾ.

"ಗಾದಿ ಒಳಗಿನ ಅರಳಿ ಯಾರ ನೋಡತಾರ? ಹಂಗಂತ ಹೊಲಸು ಅರಳಿ ತುಂಬತೀನೇನು? ಕೆಲಸ ಅಂದ್ರ ಕೆಲಸ."

ಇದು ಒಳ್ಳೆಯ ಮಾತು. ಓದುಗರು ಈ ಒಳಗಿನ ಬಣ್ಣವನ್ನು ನೆನಪಿನಲ್ಲಿಡಬೇಕು, ಗೌಸುಸಾಬ ಮರೆತ. ಡಬ್ಬಿಯ ಮುಂಭಾಗದಲ್ಲಿ ಬಿಳಿ ಅಕ್ಷರದಲ್ಲಿ "ಗೌಸ್ ಸೌಂಡ್ಸ್, ರೋಣ" ಎಂದು ಬರೆದು, ಪಡಸಾಲೆಯ ಗಾದಿಯ ಪಕ್ಕ ಸಣ್ಣ ಮಣೆಯ ಮೇಲಿಟ್ಟು, ಬಿಸ್ಮಿಲ್ಲಾ ಹೇಳಿ ಸ್ವಿಚ್ಚು ಹಾಕಿದ.

ಗುಂಯ್ ಅಂದಿತು.

ಸಣ್ಣ ಗುಂಯ್ ಅಲ್ಲ. ದೊಡ್ಡ ಜೇನೊಂದು ಡಬ್ಬಿಯೊಳಗೆ ಕೂತು ಯಾವುದಕ್ಕೋ ಹಟ ಹಿಡಿದಂಥ ಗುಂಯ್. ವಾಲ್ಯೂಮ್ ಇಳಿಸಿದರೂ ಅಷ್ಟೇ, ಏರಿಸಿದರೂ ಅಷ್ಟೇ.

ಗಡ್ಡದವನು ಹೇಳಿದಂತೆ ಗೌಸುಸಾಬ ಒಂದೊಂದೇ ಪರೀಕ್ಷೆ ಮಾಡಿದ. ಒಳಗಿನ ವೈರುಗಳನ್ನು ಹಗ್ಗ ಹೊಸೆದಂತೆ ಹೊಸೆದ, ಗುಂಯ್. ಟ್ರಾನ್ಸ್‌ಫಾರ್ಮರನ್ನು ಬೋರ್ಡಿನಿಂದ ಮಾರುದೂರ ಇಟ್ಟ, ಗುಂಯ್. ಟೇಪಿನಿಂದ ಬರುವ ವೈರು ಬದಲಿಸಿ ತಂತಿಯ ಜಾಳಿಗೆ ಸುತ್ತಿದ ವೈರು ಹಾಕಿದ, ಗುಂಯ್. ಅರಳೆ ಹಿಂಜುವ ಮಷೀನು ಬಂದ್ ಮಾಡಿದ, ಮನೆಯ ಫ್ರಿಜ್ಜು ಬಂದ್ ಮಾಡಿದ, ಆಮೇಲೆ ನೆರೆಮನೆಗೆ ಹೋದ. ನೆರೆಮನೆಯ ಮಾಳವ್ವ ರೊಟ್ಟಿ ಬಡಿದು ಮಾರುವವಳು. ಓಣಿಯ ಸುದ್ದಿಯೂ ಅವಳ ಹಂಚಿನ ಮೇಲೇ ಬೇಯುತ್ತಿತ್ತು.

"ಮಾಳಕ್ಕಾ, ಒಂದೈದು ನಿಮಿಷ ಟೀವಿ ಬಂದ್ ಮಾಡು."

"ನಿನ್ನ ಡಬ್ಬಿ ಗುಂಯ್ ಅಂದ್ರ ನನ್ನ ಟೀವಿ ಏನ್ ಮಾಡೀತೋ? ಧಾರಾವಾಹ್ಯಾಗ ಈಗ ಆಕಿ ಅತ್ತಿ ಮನಿ ಬಿಟ್ಟು ಹೊಂಟಾಳ."

"ನಾಳೆ ವಾಪಸ್ ಬರತಾಳ ಬಿಡು. ಇಲ್ಲಿ ನಮ್ಮ ಮಾವನ ದನಿ ಹೊಂಟೈತಿ."

ಮಾಳವ್ವ ಟೀವಿ ಬಂದ್ ಮಾಡಿದಳು. ಗುಂಯ್ ನಿಲ್ಲಲಿಲ್ಲ. ಕೊನೆಗೆ ಲೈನ್‌ಮನ್ ಅಯ್ಯಪ್ಪನನ್ನು ಕರೆತಂದದ್ದಾಯಿತು.

ಅಯ್ಯಪ್ಪ ಕಂಬ ಹತ್ತುವುದಕ್ಕಿಂತ ಉಪದೇಶ ಮಾಡುವುದರಲ್ಲಿ ಹೆಸರಾದವನು. ಡಬ್ಬಿಗೆ ಟೆಸ್ಟರು ಹಚ್ಚಿ, "ಶಾಕ್ ಇಲ್ಲ," ಅಂದ. "ಅರ್ಥಿಂಗ್ ಕೊಟ್ಟೀಯೇನು?"

ಅರ್ಥಿಂಗ್ ಅಂದರೆ ಬೇಡದ ಕರೆಂಟನ್ನು ನೆಲಕ್ಕೆ ಇಳಿಸುವ ತಂತಿ. ಗೌಸುಸಾಬ ಡಬ್ಬಿಯ ಒಳಗೆ ಹಸಿರು ಬಣ್ಣದ ಮೇಲೆ ಹಸಿರು ವೈರನ್ನು ಸ್ಕ್ರೂ ಹಾಕಿ ಕೂಡಿಸಿದ್ದನ್ನು ಹೆಮ್ಮೆಯಿಂದ ತೋರಿಸಿದ. ಅಯ್ಯಪ್ಪ ಇಣುಕಿ ನೋಡಿದ. "ಹಾಂ, ಐತಿ. ಮತ್ತ ನೀ ಬರಿಗಾಲೀಲೆ ನಿಂತೀಯಲ್ಲೋ. ಕರೆಂಟಿನ ಕೆಲಸ ಅಂದ್ರ ಕಾಲಾಗ ರಬ್ಬರ್ ಚಪ್ಪಲ ಇರಬೇಕು. ಇಪ್ಪತ್ತ ವರ್ಷ ಆತು, ನಾ ಚಪ್ಪಲ ಬಿಟ್ಟು ವೈರ್ ಮುಟ್ಟಿಲ್ಲ, ಅದಕ್ಕ ಇವತ್ತ ನಿನ್ನ ಮುಂದ ನಿಂತೀನಿ."

ಗುಂಯ್ ಹೋಗಲಿಲ್ಲ. ಅಯ್ಯಪ್ಪ ಹೋದ. ಅವತ್ತಿನಿಂದ ಗೌಸುಸಾಬ ಮನೆಯೊಳಗೆ ಹವಾಯಿ ಚಪ್ಪಲಿ ಮೆಟ್ಟಿಕೊಂಡೇ ಡಬ್ಬಿಯ ಹತ್ತಿರ ಸುಳಿಯುತ್ತಿದ್ದ.

ಮರುದಿನ ಮುಂಜಾನೆ ಕಮರುನ್ನಿಸಾ ಪಡಸಾಲೆಯ ಕಲ್ಲುಹಾಸು ಒರೆಸುತ್ತಿದ್ದಳು. ಜರಡಿ ವಾಪಸ್ ಕೊಡಲು ಬಂದ ಮಾಳವ್ವ ಬಾಗಿಲಲ್ಲಿ ನಿಂತಿದ್ದಳು. ಗೌಸುಸಾಬ ಡಬ್ಬಿಯ ಮುಂದೆ ತಲೆಯ ಮೇಲೆ ಕೈ ಹೊತ್ತು ಕೂತಿದ್ದ. ಡಬ್ಬಿ ಗುಂಯ್‌ಗುಡುತ್ತಿತ್ತು. ಕಮರುನ್ನಿಸಾ ಒರೆಸುವ ಅರಿವೆ ಬಕೇಟಿಗೆ ಹಾಕಿ, ಎದ್ದು, ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು, ವಾಲ್ಯೂಮಿನ ಉಕ್ಕಿನ ಕಡ್ಡಿಗೆ ಬೆರಳು ತಾಗುವಂತೆ ಡಬ್ಬಿಯ ಮೇಲೆ ಅಂಗೈ ಇಟ್ಟಳು. ಜ್ವರ ಬಂದ ಕೂಸಿನ ಹಣೆ ಮುಟ್ಟಿದ ಹಾಗೆ.

ಗುಂಯ್ ನಿಂತಿತು.

ಕೈ ತೆಗೆದಳು, ಗುಂಯ್. ಇಟ್ಟಳು, ಇಲ್ಲ.

"ನಿನಗ ಹ್ಯಾಂಗ ಗೊತ್ತಾತು?" ಅಂದ ಗೌಸುಸಾಬ.

"ಸುಮ್ಮನ ಇಟ್ಟೆ."

"ಸರಿ ಸರಿ, ನಾ ಇಡತೀನಿ." ಅವನು ಚಪ್ಪಲಿಗಾಲಲ್ಲಿ ನಿಂತು ಕೈ ಇಟ್ಟ. ಡಬ್ಬಿ ಅವನಿಗೆ ಕಿಮ್ಮತ್ತು ಕೊಡಲಿಲ್ಲ. ಮಾಳವ್ವ ಜರಡಿ ಕೆಳಗಿಟ್ಟು ಗಾದಿಯ ಮೇಲೆ ಕೂತು ತಾನೂ ಕೈ ಇಟ್ಟಳು, ಗುಂಯ್. ಹೇಳಿ ಕಳಿಸಿ ಕರೆಸಿದ ಅಯ್ಯಪ್ಪ ರಬ್ಬರ್ ಚಪ್ಪಲಿಯಲ್ಲೇ ಬಂದು ಇಟ್ಟ, ಗುಂಯ್. ಕಮರುನ್ನಿಸಾ ಇಟ್ಟರೆ ಮಾತ್ರ ಇಲ್ಲ.

"ಮೂವತ್ತ ವರ್ಷದಿಂದ ಬಾಜೂ ಮನ್ಯಾಗ ಇದ್ದೀನಿ," ಅಂದಳು ಮಾಳವ್ವ, "ನನಗ ಒಂದ ಮಾತು ಹೇಳಲಿಲ್ಲಲ್ಲ ಕಮರವ್ವಾ. ನಿನ್ನ ಕೈಯಾಗ ಗುಣ ಐತಿ."

"ಏನೂ ಇಲ್ಲ ಮಾಳಕ್ಕಾ."

"ಇದ್ದವರು ಹಿಂಗ ಅಂತಾರ."

ಸಂಜೆಯೊಳಗೆ ಓಣಿಯ ಎಲ್ಲ ರೊಟ್ಟಿ ಗಿರಾಕಿಗಳಿಗೂ ಕಮರುನ್ನಿಸಾಳ ಕೈಗುಣದ ಸುದ್ದಿ ಬಿಸಿಬಿಸಿಯಾಗಿ ಸಿಕ್ಕಿತ್ತು. ಮರುದಿನದಿಂದ ಜನ ಬರತೊಡಗಿದರು.

ಇಲ್ಲಿ ಗಾದಿ ಮನೆಯ ಒಂದು ಪದ್ಧತಿ ಹೇಳಬೇಕು. ಗಾದಿ ಹೊಲಿಯುವವನ ಮನೆಗೆ ಬಂದವರನ್ನು ಬರಿ ನೆಲದಲ್ಲಿ ನಿಲ್ಲಿಸಿ ಮಾತಾಡಿಸುವುದು ದೊಡ್ಡ ಅವಮಾನ. ಬಂದವರು ಯಾರೇ ಆಗಲಿ, ಎರಡೂ ಕಾಲು ಮೇಲೆ ತಗೊಂಡು, ಒಂದು ಗೇಣು ದಪ್ಪದ ಅರಳೆಯ ಮೇಲೆ ಕೂಡಬೇಕು. ಬಂದವರೆಲ್ಲ ಹಾಗೆ ಕೂತೇ ಡಬ್ಬಿ ಮುಟ್ಟಿ ನೋಡಿದರು. ಯಾರಿಗೂ ನಿಲ್ಲಲಿಲ್ಲ. ಪರರ ಮುಂದೆ ಗಾದಿಯ ಮೇಲೆ ಕೂಡದೆ ಕಲ್ಲಿನ ಮೇಲೆ ನಿಲ್ಲುವವಳು ಆ ಮನೆಯಲ್ಲಿ ಒಬ್ಬಳೇ. ಹೀಗಾಗಿ ಕೈಗುಣಕ್ಕೆ ದಿನಕ್ಕೆ ಹತ್ತು ಹದಿನೈದು ಹೊಸ ಸಾಕ್ಷಿ ಹುಟ್ಟಿದವು.

ಮೊದಲು ಅಳುವ ಕೂಸುಗಳು ಬಂದವು. ಕಮರುನ್ನಿಸಾ ತಲೆ ಸವರಿದಳು. ಕೆಲವು ಸುಮ್ಮನಾದವು, ಕೆಲವು ಹಾಲು ಕುಡಿದು ಸುಮ್ಮನಾದವು. ಕಿರಿಚುವ ಮಿಕ್ಸರು ಬಂತು. ನರಗುಂದದಿಂದ ಒಬ್ಬಾಕೆ ಬಸ್ಸು ಹಿಡಿದು ಗಂಡನನ್ನೇ ಕರೆತಂದಳು.

"ಇವರದೂ ಹಿಂಗ ಐತ್ರಿ ಅಕ್ಕಾರ. ಮುಂಜಾನಿಂದ ಸಂಜಿತನಕ ಗುಂಯ್ ಅಂತಿರತಾರ. ತೆಲಿ ಮ್ಯಾಲೆ ಒಮ್ಮಿ ಕೈ ಇಡ್ರಿ."

"ನಾ ಪರಗಂಡಸರನ್ನ ಮುಟ್ಟೂದಿಲ್ಲ," ಅಂದಳು ಕಮರುನ್ನಿಸಾ ಗಾಬರಿಯಾಗಿ.

"ಅವರ ಚೀಲದ ಮ್ಯಾಲರ ಇಡ್ರಿ."

ಚೀಲದ ಮೇಲೆ ಇಟ್ಟಳು. ನರಗುಂದ ಮುಟ್ಟುವವರೆಗೆ ಗಂಡ ಒಂದು ಮಾತಾಡಲಿಲ್ಲ ಎಂದು ಆಮೇಲೆ ಸುದ್ದಿ ಬಂತು. ಬಸ್ಸಿನಲ್ಲಿ ಅವನು ನಿದ್ದೆ ಹೋಗಿದ್ದ ಎಂಬುದನ್ನು ಸುದ್ದಿ ತಂದವರು ಹೇಳಲಿಲ್ಲ.

ವಾರ ತುಂಬುವುದರೊಳಗೆ ಸರ್ಕಾರವೂ ಬಂತು. ಪರವಾನಗಿ ಇಲ್ಲದೆ ಮನೆಯಲ್ಲಿ ಚಿಕಿತ್ಸೆ ನಡೆದಿದೆ ಎಂದು ಯಾರೋ ಅರ್ಜಿ ಹಾಕಿದ್ದರಂತೆ. ವಿಚಾರಣೆಗೆ ಬಂದ ಗುಮಾಸ್ತ ಬಸವಪ್ರಸಾದ ಹೆಲ್ಮೆಟ್ಟು ಕೈಯಲ್ಲಿ ಹಿಡಿದು ಗಾದಿಯ ತುದಿಗೆ ಕೂತು ಕಡತ ಬಿಚ್ಚಿದ.

"ಲೈಸೆನ್ಸ್ ಐತೇನ್ರಿ?"

"ಯಾತಕ್ರೀ ಸಾಹೇಬ್ರ? ಮಷೀನಿಗೋ, ಕೈಗೋ?"

"ಕೈಗೆ."

"ಕೈ ನಿಕಾ ಆದಾಗಿಂದ ನನ್ನ ಹೆಸರಿಲೇ ಐತ್ರಿ," ಅಂದ ಗೌಸುಸಾಬ. ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಕಮರುನ್ನಿಸಾ ಕಪಾಟಿನ ಮೇಲಿನ ಶೀಶೆಯ ಕಡೆ ನೋಡಿದಳು. ಈ ಸಲ ಗೌಸುಸಾಬ ಚಹಾದ ಕಪ್ಪು ಎತ್ತಿಕೊಂಡ.

ಬಸವಪ್ರಸಾದ ಎರಡು ಪುಟ ಬರೆದ. ಚಹಾ ಕುಡಿದ. ಪೆನ್ನಿನ ಮುಚ್ಚಳ ಹಾಕಿ, ತೆಗೆದು, ಮತ್ತೆ ಹಾಕಿದ. ಆಮೇಲೆ ದನಿ ಇಳಿಸಿ ಅಂದ, "ಅಕ್ಕಾರ, ನನಗ ಈ ಎಡಗಿವ್ಯಾಗ ಎರಡ ವರ್ಷಾತ್ರಿ, ಗುಂಯ್ ಅಂತೈತಿ. ಮೂರು ದವಾಖಾನಿ ಆತು. ಕಿವಿಗೇನೂ ಆಗಿಲ್ಲ ಅಂತಾರ. ಮನ್ಯಾಗ ಹೇಳಿದ್ರ ನಗತಾರ."

ಕಮರುನ್ನಿಸಾ ಹತ್ತಿರ ಬಂದಳು. "ಆ ಟೊಪಿಗಿ ಕೊಡ್ರಿ," ಅಂದಳು. ಹೆಲ್ಮೆಟ್ಟು ಇಸಕೊಂಡು, ಎಡಗಿವಿ ಬರುವ ಜಾಗದಲ್ಲಿ ಅಂಗೈ ಇಟ್ಟು, ನಿಧಾನವಾಗಿ ಒರೆಸಿ ವಾಪಸ್ ಕೊಟ್ಟಳು. ಬಸವಪ್ರಸಾದ ಹಾಕಿಕೊಂಡು ಕೂತ. ಕಣ್ಣು ಮುಚ್ಚಿದ. ಪಡಸಾಲೆಯಲ್ಲಿ ಹೆಲ್ಮೆಟ್ಟು ಹಾಕಿದ ಸರ್ಕಾರಿ ನೌಕರನ ಸುತ್ತ ಆರು ಮಂದಿ ಗಾದಿಯಿಂದ ಮುಂದಕ್ಕೆ ಬಾಗಿ ನೋಡುತ್ತಿದ್ದರು.

"ಕಡಿಮಿ ಆತು," ಅಂದ. ಅವನ ಕಣ್ಣಲ್ಲಿ ನೀರಿತ್ತು. ಕಡತದಲ್ಲಿ "ಆಪಾದನೆಗೆ ಆಧಾರವಿಲ್ಲ" ಎಂದು ಬರೆದು, ಹೆಲ್ಮೆಟ್ಟು ತೆಗೆಯದೆಯೇ ಗಾಡಿ ಹತ್ತಿದ.

ಇಷ್ಟಾದರೂ ಗೌಸುಸಾಬನ ಸಂಕಟ ಇದ್ದಲ್ಲೇ ಇತ್ತು. ಸುದ್ದಿ ಅಸೂಟಿಗೂ ಹೋಗಿತ್ತು, ಸುಭಾನಿಯ ಫೋನು ಬಂತು.

"ಅಕ್ಕನ ಕೈಯಿಂದ ಗುಂಯ್ ಬಂದ್ ಆಗತೈತಂತ. ಅದು ನಡೆಯೂದಿಲ್ಲ ಮಾಮಾ. ಕ್ಯಾಸೆಟ್ ಒಂದ ಮಗ್ಗಲ ಮುಕ್ಕಾಲ ತಾಸಿಂದು. ಅಷ್ಟೊತ್ತು ಆಕಿ ಕೈ ಹಿಡದು ನಿಲ್ಲೂಕಾಗತೈತೇನು? ನಡುವ ಕೈ ಸರೀತಂದ್ರ ರೀಲು ಹಿಂದ ಬರತೈತೇನು? ಮಷೀನ್ ತಾನಾ ಸುಮ್ಮನಿರಬೇಕು. ಇಲ್ಲಂದ್ರ ಹುಬ್ಬಳ್ಳಿ."

ಅದು ನ್ಯಾಯವಾದ ಮಾತಾಗಿತ್ತು. ಅದಕ್ಕೇ ಗೌಸುಸಾಬನಿಗೆ ಸಿಟ್ಟು ಬಂತು.

ಷರತ್ತಿನ ಹಿಂದಿನ ದಿನ, ಗುರುವಾರ ಮಧ್ಯಾಹ್ನ, ಅವನು ಗಾದಿಯ ಮೇಲೆ, ಚಪ್ಪಲಿ ಸಮೇತ, ಕೂತು ಇನ್ನೊಂದು ಗಾದಿ ಹೊಲಿಯುತ್ತಿದ್ದ. ಪಕ್ಕದಲ್ಲಿ ಡಬ್ಬಿ ಬಾಯಿ ತೆರೆದುಕೊಂಡು ಗುಂಯ್‌ಗುಡುತ್ತಿತ್ತು. ಕೈಯಲ್ಲಿ ಗೇಣುದ್ದದ ದಬ್ಬಣ ಇತ್ತು. "ಬಾಯಿ ಮುಚ್ಚೋ," ಎಂದು ಆ ದಬ್ಬಣದಿಂದಲೇ ಅರ್ಥಿಂಗ್ ವೈರಿನ ಸ್ಕ್ರೂಗೆ ಒಂದು ತಿವಿತ ತಿವಿದ. ದಬ್ಬಣ ಸ್ಕ್ರೂಗೆ ಒರಗಿಕೊಂಡೇ ಜಾರಿ ಬದಿಯ ಹಸಿರು ಬಣ್ಣ ಸೀಳಿ ತಗಡಿಗೆ ನಟ್ಟಿತು.

ಡಬ್ಬಿ ಬಾಯಿ ಮುಚ್ಚಿತು.

ದಬ್ಬಣ ಕಿತ್ತ, ಗುಂಯ್. ಸ್ಕ್ರೂಗೂ ತಗಡಿಗೂ ತಾಗಿಸಿ ಹಿಡಿದ; ಇಲ್ಲ. ಎಂಟು ಸಲ ಮಾಡಿ ನೋಡಿದ. ಗೌಸುಸಾಬ ದಡ್ಡನಿರಬಹುದು, ಆದರೆ ಎಂಟು ಸಲ ತಿವಿದರೆ ಅವನಿಗೂ ತಿಳಿಯುತ್ತಿತ್ತು. ಸ್ಕ್ರೂ ತಗಡನ್ನು ಮುಟ್ಟಿಯೇ ಇರಲಿಲ್ಲ. ನಡುವೆ ಎರಡು ಸಲ ಹಚ್ಚಿದ ಬಣ್ಣ ಕೂತಿತ್ತು. ಡಬ್ಬಿಗೆ ನೆಲದ ದಾರಿಯೇ ಇರಲಿಲ್ಲ. ಒದ್ದೆ ಕಲ್ಲಿನ ಮೇಲೆ ಬರಿಗಾಲಲ್ಲಿ ನಿಂತ ಕಮರುನ್ನಿಸಾಳೇ ಆ ದಾರಿಯಾಗಿದ್ದಳು. ಉಳಿದವರಿಗೆಲ್ಲ ಕೆಳಗೆ ರಬ್ಬರು ಇತ್ತು, ಇಲ್ಲವೇ ಅವನೇ ತುಂಬಿದ ಅರಳೆ ಇತ್ತು.

ದಬ್ಬಣದಿಂದ ಬಣ್ಣ ಕೆರೆದು ತಗಡು ಬೆಳ್ಳಗೆ ಹೊಳೆಯುವಂತೆ ಮಾಡಿದ. ಹಳೆಯ ಸ್ಕ್ರೂ ಕೂರಲಿಲ್ಲ, ತೂತು ಸಡಿಲಾಗಿತ್ತು. ಇನ್ನೊಂದಕ್ಕೆ ಅತ್ತಿತ್ತ ಹುಡುಕುತ್ತಿದ್ದಾಗ ಎದುರಿಗೆ ಒಂದು ಕೈ ಬಂತು. ಕಮರುನ್ನಿಸಾ ಶೀಶೆ ಹಿಡಿದು ನಿಂತಿದ್ದಳು.

ಅವನು ಒಂದು ಸ್ಕ್ರೂ ಆರಿಸಿಕೊಂಡ. ಸರಿಯಾಗಿ ಕೂತಿತು. ಸ್ವಿಚ್ಚು ಹಾಕಿದರೆ ಸ್ಪೀಕರು ಬಾವಿಯಷ್ಟು ತಣ್ಣಗಿತ್ತು.

ಬಣ್ಣ, ಚಪ್ಪಲಿ, ಗಾದಿ, ಒದ್ದೆ ನೆಲ ಎಲ್ಲವನ್ನೂ ಅವನು ಒಂದೇ ಉಸಿರಿನಲ್ಲಿ ಹೆಂಡತಿಗೆ ವಿವರಿಸಿದ.

"ಹಂಗಾರ ನನ್ನ ಕೈಯಾಗ ಏನೂ ಇಲ್ಲ," ಅಂದಳು.

"ಏನೂ ಇಲ್ಲ. ಬರೇ ಹಸಿ ಕಾಲು," ಅಂದ ಗೌಸುಸಾಬ, ಸಂತೋಷದಲ್ಲಿ.

ಕಮರುನ್ನಿಸಾ ಶೀಶೆಯ ಮುಚ್ಚಳ ತಿರುವಿದಳು. "ಆ ಟೊಪಿಗಿ ಸಾಹೇಬರಿಗೆ ಏನಂತ ಹೇಳೂದ್ರಿ? ನಾಳೆ ಅವರೂ ಬರತಾರ."

ಗೌಸುಸಾಬ ವಾಲ್ಯೂಮ್ ಏರಿಸಿ ಇನ್ನೊಮ್ಮೆ ಗುಂಯ್ ಇಲ್ಲದ್ದನ್ನು ಕೇಳಿದ.

ಶುಕ್ರವಾರ ನಮಾಜು ಮುಗಿದ ಮೇಲೆ ಪಡಸಾಲೆ ತುಂಬಿತು. ಮಾಳವ್ವ ಎಲ್ಲರಿಗಿಂತ ಮುಂದೆ ಕೂತಳು. ಅಯ್ಯಪ್ಪ ಚಪ್ಪಲಿಯಲ್ಲಿ ನಿಂತ. ಬಸವಪ್ರಸಾದ ಹೆಲ್ಮೆಟ್ಟು ಹಾಕಿಕೊಂಡೇ ಒಳಗೆ ಬಂದ. ಸುಭಾನಿ ಕಿಸೆಯ ಮೇಲೆ ಕೈ ಇಟ್ಟುಕೊಂಡು ಬಂದು, ಯಾರನ್ನೂ ಮಾತಾಡಿಸದೆ, ಖಾಲಿ ಕ್ಯಾಸೆಟ್ ಹಾಕಿ, ಸ್ಪೀಕರಿಗೆ ಕಿವಿ ಹಚ್ಚಿದ.

"ಬಂದ್ ಐತೇನಿದು?"

"ಚಾಲೂ ಐತಿ," ಅಂದ ಗೌಸುಸಾಬ. ಹೀಗೆ ಅನ್ನಲು ಅವನು ಹನ್ನೊಂದು ವರ್ಷ ಕಾದಿದ್ದ. ಆಮೇಲೆ ಎದ್ದು ನಿಂತು ಸಭೆಗೆ ತಿಳಿಸಿದ: ಗುಂಯ್ ತಾನು ರಿಪೇರಿ ಮಾಡಿದ್ದಾಗಿದೆ, ತಪ್ಪು ಬಣ್ಣದ್ದು, ಇನ್ನು ಕೈ ಇಡುವ ಅಗತ್ಯವಿಲ್ಲ.

ಯಾರೂ ಚಪ್ಪಾಳೆ ಹೊಡೆಯಲಿಲ್ಲ.

"ಹಂಗಾರ ನಾವು ಯಾತಕ್ಕ ಬಂದ್ವಿ?" ಅಂದಳು ಮಾಳವ್ವ. ಬಸವಪ್ರಸಾದ ಹೆಲ್ಮೆಟ್ಟಿನ ಎಡಭಾಗ ಮುಟ್ಟಿ ನೋಡಿಕೊಂಡ. ಕಮರುನ್ನಿಸಾ ಗೋಡೆಗೆ ಒರಗಿ ನಿಂತಿದ್ದಳು. ಅವಳು ಯಾರ ಕಡೆಗೂ ನೋಡುತ್ತಿರಲಿಲ್ಲ, ಸುಭಾನಿಯ ಕಿಸೆಯನ್ನು ಬಿಟ್ಟು.

ಸುಭಾನಿ ಮೊಬೈಲನ್ನು ರಿಕಾರ್ಡಿಗೆ ಹಚ್ಚಿ ಸ್ಪೀಕರಿನ ಮುಂದೆ ನಿಲ್ಲಿಸಿದ. ಕಿಸೆಯಿಂದ ಕ್ಯಾಸೆಟ್ ತೆಗೆದ. ಹಾಕಿದ. ಗುಂಡಿ ಒತ್ತಿದ.

ಗುಂಯ್.

ಅದೇ ಗುಂಯ್. ಹಟ ಹಿಡಿದ ಜೇನು. ಗೌಸುಸಾಬ ಡಬ್ಬಿಯ ಮುಚ್ಚಳ ಕಿತ್ತು ಸ್ಕ್ರೂ ನೋಡಿದ, ಬಿಗಿಯಾಗಿತ್ತು. ವೈರು ಅಲ್ಲಾಡಿಸಿದ, ಪ್ಲಗ್ಗು ಒತ್ತಿದ, ದಬ್ಬಣಕ್ಕಾಗಿ ತಡಕಾಡಿದ. ಹಣೆಯ ಬೆವರು ಬೋರ್ಡಿನ ಮೇಲೆ ಬೀಳದಂತೆ ಅಯ್ಯಪ್ಪ ಟವಲು ಹಿಡಿದ.

"ಕಮರವ್ವಾ, ಇನ್ನೂ ನೋಡಕೋತ ನಿಂತೀಯಲ್ಲ," ಅಂದಳು ಮಾಳವ್ವ. "ಕೈ ಇಡು."

ಕಮರುನ್ನಿಸಾ ಬಂದು ಕೈ ಇಟ್ಟಳು. ಗುಂಯ್ ನಿಲ್ಲಲಿಲ್ಲ.

ಪಡಸಾಲೆಯಲ್ಲಿ ಒಂದು ಸಣ್ಣ ನಿಟ್ಟುಸಿರು ಎದ್ದಿತು. ಬಸವಪ್ರಸಾದನ ಎಡಗಿವಿಯಲ್ಲಿ ಮತ್ತೆ ಶುರುವಾಯಿತು. ಸುಭಾನಿ ಎದ್ದ. "ಮುಗೀತು, ತಗೀರಿ. ರೀಲು ಸುಮ್ಮನ ತಿರಗಾಕತ್ತೈತಿ. ಹುಬ್ಬಳ್ಳಿಗೇ ಒಯ್ತೀನಿ." ಅವನ ಬೆರಳು ಗುಂಡಿಯ ಮೇಲೆ ಹೋಯಿತು.

ಕಮರುನ್ನಿಸಾ ಇನ್ನೊಂದು ಕೈಯಿಂದ ತಮ್ಮನ ಮಣಿಕಟ್ಟು ಹಿಡಿದಳು.

"ತಡಿಯೋ," ಅಂದಳು. "ಈಗ ಕರೀತಾನ."

"ಯಾರು?"

ಸ್ಪೀಕರಿನಲ್ಲಿ ಯಾರೋ ಕೆಮ್ಮಿದರು. ಆಮೇಲೆ ಗುಂಯ್‌ನ ಹಿಂದಿನಿಂದ ಒಂದು ಗಂಡುದನಿ, ಹಾಡುವ ದನಿಯಲ್ಲ, ಸಿಡಿಮಿಡಿಯ ದನಿ, ಅಂದಿತು: "ಇದೇನಪಾ ನಿನ್ನ ಮೈಕಿನ ಪೆಟಗಿ, ಹಿಂಗ ಗುಂಯ್ ಅಂದ್ರ ನಾ ಹ್ಯಾಂಗ ಹಾಡ್ಲಿ? ಕಮರೂ... ಎಲ್ಲಿ ಹೋತಿದು... ಕಮರೂ. ಬಾರವಾ ಇಲ್ಲಿ. ಹೋದ ಸಲ ಇಟ್ಟಂಗ ಪೆಟಗಿ ಮ್ಯಾಲೆ ಕೈ ಇಡು."

ಸಣ್ಣ ಕಾಲಿನ ಸಪ್ಪಳ ಕೇಳಿಸಿತು. ಬೆಳವಣಕಿಯ ಯಾವುದೋ ಮನೆಯ ಸಾರಿಸಿದ ಹಸಿ ನೆಲದ ಮೇಲೆ, ನಲವತ್ತು ವರ್ಷಕ್ಕೂ ಹಿಂದೆ, ಒಂಬತ್ತು ವರ್ಷದ ಹುಡುಗಿ ಓಡಿ ಬಂದಿದ್ದಳು.

ಗುಂಯ್ ನಿಂತಿತು.

ಗೌಸುಸಾಬ ಬಿಚ್ಚಿದ ಮುಚ್ಚಳ ಹಿಡಿದು ಹೆಂಡತಿಯ ಮುಖ ನೋಡಿದ. ಅವತ್ತು ಸುಮ್ಮನೆ ಇಟ್ಟೆ ಅಂದಿದ್ದಳು.

ಟೇಪಿನೊಳಗೆ ಒಂದು ಕೂಸು ಅಳತೊಡಗಿತು. ಜೋರಾಗಿ, ಗಂಟಲು ಹರಿಯುವಂತೆ. "ಆ ಕೂಸಿನ್ನ ಹೊರಗ ಒಯ್ರಿ, ರಿಕಾರ್ಡಿಗೆ ಬರತೈತಿ," ಎಂದು ಇನ್ನಾರೋ ಗದರಿದರು.

"ಇರ್ಲಿ ಬಿಡ್ರಿ," ಅಂದಿತು ಮದರಸಾಬನ ದನಿ. "ಅವನೂ ಕೇಳ್ಲಿ."

"ಯಾರದವಾ ಅದು, ಅಷ್ಟು ಹಟಮಾರಿ ಕೂಸು?" ಎಂದು ಮಾಳವ್ವ ಪಿಸುಗುಟ್ಟಿದಳು.

ಕಮರುನ್ನಿಸಾ ತಮ್ಮನ ಕಡೆ ನೋಡಿದಳು. ಹಿಡಿದ ಮಣಿಕಟ್ಟು ಬಿಡಲಿಲ್ಲ. ಅಸೂಟಿಯ ಉಳ್ಳಾಗಡ್ಡಿ ವ್ಯಾಪಾರಿ ಮೆಹಬೂಬಸುಭಾನಿ, ಒಂದು ಗುಂಯ್ ಕೂಡ ಸಹಿಸದವನು, ಅಕ್ಕನ ಪಕ್ಕ ನೆಲದ ಮೇಲೆ ಕೂತುಬಿಟ್ಟ. ಗಾದಿಯ ಮೇಲೆ ಜಾಗವಿದ್ದರೂ ಕಲ್ಲಿನ ಮೇಲೇ ಕೂತ. ಬಸವಪ್ರಸಾದ ಹೆಲ್ಮೆಟ್ಟು ತೆಗೆದು ತೊಡೆಯ ಮೇಲೆ ಇಟ್ಟುಕೊಂಡ.

ಆಮೇಲೆ ಮದರಸಾಬ ಹಾಡಿದ.

ಮುಕ್ಕಾಲು ತಾಸು ಕಮರುನ್ನಿಸಾ ನಿಂತೇ ಇದ್ದಳು. ಡಬ್ಬಿಯ ಮೇಲಿನ ಕೈ ಒಮ್ಮೆಯೂ ಎತ್ತಲಿಲ್ಲ. ಅದರ ಅಗತ್ಯ ಒಂದಿಷ್ಟೂ ಇಲ್ಲ ಎಂಬುದು ಆ ಪಡಸಾಲೆಯಲ್ಲಿ ಚೆನ್ನಾಗಿ ಗೊತ್ತಿದ್ದವನು ಗೌಸುಸಾಬ ಒಬ್ಬನೇ. ಸ್ಕ್ರೂ ಅವನೇ ಹಾಕಿದ್ದ, ಬಿಗಿಯಾಗಿತ್ತು, ಈಗಷ್ಟೇ ನೋಡಿದ್ದ. ನಡುವೆ ಅವಳ ಕಾಲು ನೋಯುತ್ತಿರಬೇಕೆಂದು ಒಂದು ಸಣ್ಣ ಗಾದಿ ಎಳೆದು ತಂದ. ಅವಳ ಕಾಲ ಹತ್ತಿರ ತಂದವನು ನಿಂತು ಯೋಚನೆ ಮಾಡಿ, ಗಾದಿಯನ್ನು ಮತ್ತೆ ಹಿಂದಕ್ಕೆ ಎಳೆದ. ಹೊಸಿಲ ಹತ್ತಿರ ಚಪ್ಪಲಿ ಬಿಟ್ಟು ಒಳಗೆ ಹೋಗಿ, ತಂಬಿಗೆಯಲ್ಲಿ ನೀರು ತಂದು, ಅವಳ ಕಾಲ ಸುತ್ತ ಕಲ್ಲಿನ ಮೇಲೆ ಮೆಲ್ಲಗೆ ಸುರಿದ.

ರೀಲು ಹರಿಯಲಿಲ್ಲ. ಆದರೂ ಎರಡನೆಯ ಸಲ ಯಾರೂ ತಿರುಗಿಸಲು ಹೋಗಲಿಲ್ಲ. ಕ್ಯಾಸೆಟ್ ಈಗ ಕಪಾಟಿನ ಮೇಲೆ ಆರು ಸ್ಕ್ರೂಗಳ ಶೀಶೆಯ ಪಕ್ಕ ಇದೆ. ಸುಭಾನಿ ಮೊಬೈಲಿನ ರಿಕಾರ್ಡನ್ನು ಹುಬ್ಬಳ್ಳಿಗೆ ಒಯ್ದ. ಸ್ಟುಡಿಯೋದವನು ಕಿವಿಗೆ ಹಾಕಿಕೊಂಡು ಪೂರ್ತಿ ಕೇಳಿ, ಪದ ಬಹಳ ಚಲೋ ಇದೆ, ಸದ್ದೇ ಜಾಸ್ತಿ ಇದೆ ಅಂದ. ಮೊದಲಿಗೆ ಗುಂಯ್ ಅನ್ನುತ್ತದೆ, ಒಂದು ಕೂಸು ಅಳುತ್ತದೆ, ನಡುವೆ ಯಾರೋ ನೀರು ಸುರಿಯುತ್ತಾರೆ. ಎಲ್ಲವನ್ನೂ ತೆಗೆದು ಸ್ವಚ್ಛ ಮಾಡಿ ಕೊಡುತ್ತೇನೆ, ಎರಡು ನಿಮಿಷದ ಕೆಲಸ ಅಂದ.

"ಇರ್ಲಿ ಬಿಡ್ರಿ," ಅಂದ ಸುಭಾನಿ.